ಸರಿಜೋಡಿಯ ಕಣ

ಕುಸ್ತಿಯ ಕಣದಲ್ಲಿ ಪಟ್ಟುಗಳಿಗಿಂತ ಮೊದಲು ನಡೆಯುವ ಕಾರ್ಯವೊಂದುಂಟು. ಅದಕ್ಕೆ ಜೋಡಿ ಕಟ್ಟುವುದೆಂದು ಹೆಸರು. ಮೈಸೂರಿನ ದಸರಾ ಕುಸ್ತಿಗೆ ಮುನ್ನ ಬಲ್ಲವರು ಕುಳಿತು ಪೈಲ್ವಾನರ ವಯಸ್ಸು, ತೂಕ, ಸಾಧನೆಗಳನ್ನು ತೂಗಿ ನೋಡಿ, ಇಂಥವನಿಗೆ ಇಂಥವನು ಸರಿಜೋಡಿ ಎಂದು ಗೊತ್ತುಮಾಡುತ್ತಾರೆ. ಜೋಡಿ ತಪ್ಪಿದರೆ ಕುಸ್ತಿ ಕೆಟ್ಟಿತು. ನಿನ್ನೆ ಮೊನ್ನೆ ಗರಡಿಯ ಮಣ್ಣು ಮೆಟ್ಟಿದ ಹುಡುಗನನ್ನು ನುರಿತ ಜಟ್ಟಿಯ ಮುಂದೆ ನಿಲ್ಲಿಸಿದರೆ ಗೆದ್ದವನಿಗೆ ಕೀರ್ತಿಯಿಲ್ಲ, ಸೋತವನಿಗೆ ಕಲಿಕೆಯಿಲ್ಲ, ನೋಡುವವರಿಗೆ ರಸವಿಲ್ಲ. ಸಮಬಲರ ಸೆಣಸಾಟದಲ್ಲಿಯೇ ವಿದ್ಯೆ ಬೆಳೆಯುತ್ತದೆಂಬುದು ಗರಡಿಯ ಹಿರಿಯರು ಅನುಭವದಿಂದ ಕಂಡುಕೊಂಡ ಸತ್ಯ.

ಈ ಸತ್ಯವೇ ಇಂದು ಅಂತರ್ಜಾಲದ ಚದುರಂಗ ಪಂದ್ಯಗಳಿಗೆ ತಳಹದಿಯಾಗಿದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಮೊಬೈಲ್ ಫೋನನ್ನು ಹಿಡಿದು ಮೂಲೆಯಲ್ಲಿ ಕುಳಿತ ಬಾಲಕನನ್ನು ಕಂಡೊಡನೆ ಕಾಲ ಕೆಟ್ಟಿತೆಂದು ನಿಟ್ಟುಸಿರಿಡುವ ಹಿರಿಯರು ಬಹುಮಂದಿ. ಅವರ ಕಳವಳ ನಿರಾಧಾರವೇನೂ ಅಲ್ಲ. ಆದರೆ ಆ ಬಾಲಕನು ಆಡುತ್ತಿರುವುದು ಚದುರಂಗವಾಗಿದ್ದರೆ, ಅವನು ಹೊಕ್ಕಿರುವುದು ಒಂದು ಪಂದ್ಯವಾಗಿದ್ದರೆ, ಆ ಪಂದ್ಯದ ನಿಯಮಗಳೇನು, ಅದು ಹೊಸಬನನ್ನು ಹೇಗೆ ನಡೆಸಿಕೊಳ್ಳುತ್ತದೆ, ಅವನಿಂದ ಏನನ್ನು ಬೇಡುತ್ತದೆ ಎಂಬುದನ್ನು ತಿಳಿಯದೆ ಹೊಗಳುವುದೂ ಸಲ್ಲದು, ತೆಗಳುವುದೂ ಸಲ್ಲದು.

ಚದುರಂಗವು ಕನ್ನಡ ನಾಡಿಗೆ ಹೊಸದಲ್ಲ. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೇನೆಯಿಂದ ಹೆಸರು ಪಡೆದ ಈ ಕ್ರೀಡೆ ಭರತಖಂಡದಲ್ಲಿ ಹುಟ್ಟಿ, ಪಾರಸಿಕರ ಮತ್ತು ಅರಬರ ಮೂಲಕ ಯೂರೋಪನ್ನು ಸೇರಿ, ಅಲ್ಲಿ ೧೫ನೆಯ ಶತಮಾನದ ಕೊನೆಯ ಹೊತ್ತಿಗೆ ಇಂದಿನ ರೂಪಕ್ಕೆ ಸಮೀಪವಾದ ರೂಪವನ್ನು ತಾಳಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯು ಅರವತ್ತನಾಲ್ಕು ಮನೆಗಳಲ್ಲಿ ಒಂದನ್ನೂ ಎರಡು ಬಾರಿ ಮೆಟ್ಟದೆ ಸಂಚರಿಸುವ ಬಂಧಗಳನ್ನು ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗವು ಆಟಗಳಿಗೇ ಮೀಸಲು. ಈಚಿನ ಕಾಲಕ್ಕೆ ಬಂದರೆ ೧೯೮೮ರಲ್ಲಿ ವಿಶ್ವನಾಥನ್ ಆನಂದ್ ಅವರು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು; ೨೦೧೭ರಲ್ಲಿ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ೨೦೨೪ರ ಡಿಸೆಂಬರಿನಲ್ಲಿ ಡಿ. ಗುಕೇಶ್ ಸಿಂಗಪುರದಲ್ಲಿ ಚೀನದ ಡಿಂಗ್ ಲಿರೆನ್ ಅವರನ್ನು ಸೋಲಿಸಿ, ಹದಿನೆಂಟರ ಹರೆಯದಲ್ಲಿಯೇ ವಿಶ್ವವಿಜೇತನಾದನು. ಇಂಥ ವಾರ್ತೆಗಳನ್ನು ಕೇಳಿದ ಮಕ್ಕಳು ಮಣೆಯತ್ತ ಮುಖ ತಿರುಗಿಸಿದ್ದು ಸಹಜವೇ ಆಗಿದೆ.

ಆದರೆ ಸಣ್ಣ ಊರಿನ ಮಗುವಿಗೆ ಸರಿಜೋಡಿ ಎಲ್ಲಿ ಸಿಗಬೇಕು? ಮನೆಯಲ್ಲಿ ತಂದೆಯೊಡನೆ ಆಡಿದರೆ ನಿತ್ಯವೂ ಸೋಲು, ಇಲ್ಲವೆ ವಾತ್ಸಲ್ಯದ ಗೆಲುವು. ತರಗತಿಯಲ್ಲಿ ಆಡಬಲ್ಲವರು ಮೂವರೋ ನಾಲ್ವರೋ. ಅವರ ನಡೆಗಳೆಲ್ಲ ತಿಂಗಳೊಪ್ಪತ್ತಿನಲ್ಲಿ ಬಾಯಿಪಾಠವಾಗಿಬಿಡುತ್ತವೆ. ಜಿಲ್ಲಾ ಕೇಂದ್ರದ ಪಂದ್ಯಕ್ಕೆ ಹೋಗಬೇಕಾದರೆ ಪ್ರಯಾಣದ ಖರ್ಚು, ಪ್ರವೇಶದ ಶುಲ್ಕ, ಜೊತೆಗೆ ಹೋಗುವ ಹಿರಿಯರ ಎರಡು ದಿನದ ದುಡಿಮೆ. ಈ ಕೊರತೆಯನ್ನು ತುಂಬಿದ್ದೇ ದೂರದವರೊಡನೆ ಆಡುವ ಉಪಾಯ. ಅದೂ ಇಂದಿನದಲ್ಲ. ೧೮೨೪ರಿಂದ ೧೮೨೮ರವರೆಗೆ ಲಂಡನ್ ಮತ್ತು ಎಡಿನ್‌ಬರೊ ನಗರಗಳ ಚದುರಂಗ ಸಂಘಗಳು ಅಂಚೆಯ ಮೂಲಕ ನಡೆಗಳನ್ನು ಕಳುಹಿಸಿ ಸೆಣಸಿದವು, ಎಡಿನ್‌ಬರೊ ಗೆದ್ದಿತು. ೧೯೪೫ರಲ್ಲಿ ಸೋವಿಯತ್ ಒಕ್ಕೂಟ ಮತ್ತು ಅಮೆರಿಕಗಳು ರೇಡಿಯೋ ಮೂಲಕ ಆಡಿದವು. ೧೯೯೨ರಲ್ಲಿ ಅಂತರ್ಜಾಲದ ಮೊದಲ ಚದುರಂಗ ಕೇಂದ್ರವು ತೆರೆಯಿತು. ೨೦೦೭ರಲ್ಲಿ ಚೆಸ್ ಡಾಟ್ ಕಾಮ್ ಆರಂಭವಾಯಿತು. ೨೦೧೦ರಲ್ಲಿ ಫ್ರಾನ್ಸಿನ ತೀಬೊ ದ್ಯುಪ್ಲೆಸಿಸ್ ಎಂಬವರು ಲೀಚೆಸ್ ಎಂಬ ತಾಣವನ್ನು ಕಟ್ಟಿದರು. ಲೀಚೆಸ್ ತಾಣಕ್ಕೆ ಶುಲ್ಕವೂ ಇಲ್ಲ, ಜಾಹೀರಾತೂ ಇಲ್ಲ; ಬಳಸುವವರು ಮನಸಾರೆ ಕೊಡುವ ಕಾಣಿಕೆಯಿಂದಲೇ ನಡೆಯುತ್ತಿದೆ. ದಾನದ ಬೆಲೆಯನ್ನು ಬಲ್ಲವರಿಗೆ ಇದು ಗಮನಾರ್ಹವಾದ ಸಂಗತಿ.

ಹೊಸ ಆಟಗಾರನು ಇಂಥ ತಾಣವೊಂದರಲ್ಲಿ ಹೆಸರು ನೋಂದಾಯಿಸಿಕೊಂಡೊಡನೆ ಅವನ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಅದೇ ರೇಟಿಂಗ್, ಅಂದರೆ ಬಲಾಂಕ. ಈ ಪದ್ಧತಿಯ ಮೂಲಪುರುಷರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಎಲೋ. ಅವರ ಪದ್ಧತಿಯನ್ನು ವಿಶ್ವ ಚದುರಂಗ ಒಕ್ಕೂಟವು ೧೯೭೦ರಲ್ಲಿ ಅಂಗೀಕರಿಸಿತು. ಅದರ ತಿರುಳು ಸರಳವಾದುದು. ಇಬ್ಬರ ಬಲಾಂಕ ಸಮವಾಗಿದ್ದರೆ ಗೆಲುವಿನ ನಿರೀಕ್ಷೆಯೂ ಸಮ. ೨೦೦ ಅಂಕಗಳ ಅಂತರವಿದ್ದರೆ ಬಲಿಷ್ಠನು ಒಟ್ಟು ಅಂಕಗಳಲ್ಲಿ ನೂರಕ್ಕೆ ಸುಮಾರು ೭೬ನ್ನು ಪಡೆಯುವನೆಂದು ನಿರೀಕ್ಷೆ. ೪೦೦ ಅಂಕಗಳ ಅಂತರವಿದ್ದರೆ ಅದು ೯೧ಕ್ಕೇರುತ್ತದೆ. ಆದುದರಿಂದ ಬಲಿಷ್ಠನು ದುರ್ಬಲನನ್ನು ಸೋಲಿಸಿದರೆ ಅವನಿಗೆ ದೊರೆಯುವುದು ಅಲ್ಪ; ದುರ್ಬಲನು ಬಲಿಷ್ಠನನ್ನು ಮಣಿಸಿದರೆ ಅವನಿಗೆ ದೊರೆಯುವುದು ಅಧಿಕ. ಅಂತರ್ಜಾಲದ ತಾಣಗಳು ಬಳಸುವುದು ಈ ಪದ್ಧತಿಯ ಪರಿಷ್ಕೃತ ರೂಪವನ್ನು. ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಅದರಲ್ಲಿ, ಆಟಗಾರನ ಬಲ ಎಷ್ಟೆಂಬುದರ ಜೊತೆಗೆ ಆ ಎಣಿಕೆಯು ಎಷ್ಟರಮಟ್ಟಿಗೆ ನಂಬಲರ್ಹವೆಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಹೊಸಬರು ಮೊದಲು ಎಡವುವುದು ಇಲ್ಲಿಯೇ. ಲೀಚೆಸ್ ತಾಣದಲ್ಲಿ ಎಲ್ಲರಿಗೂ ಆರಂಭದ ಬಲಾಂಕ ೧೫೦೦. ಅದು ಯೋಗ್ಯತೆಯ ತೀರ್ಪಲ್ಲ, ಅಳತೆಗೆ ಮುನ್ನ ತಕ್ಕಡಿಯ ಮುಳ್ಳು ನಿಂತಿರುವ ನಡುಸ್ಥಾನ. ಸಂಖ್ಯೆಯ ಪಕ್ಕದಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯೇ ಅದನ್ನು ಹೇಳುತ್ತಿರುತ್ತದೆ. ತೂಗುವವನಿಗೆ ಇನ್ನೂ ಏನೂ ತಿಳಿಯದಿರುವುದರಿಂದ ಮೊದಲ ಆಟಗಳಲ್ಲಿ ಮುಳ್ಳು ಜೋರಾಗಿ ತೂಗಾಡುತ್ತದೆ. ಒಂದೇ ಸೋಲಿಗೆ ನೂರಕ್ಕೂ ಮಿಕ್ಕ ಅಂಕಗಳು ಇಳಿದುಹೋಗುವುದುಂಟು. ನಾಲ್ಕು ಆಟಗಳನ್ನು ಸೋತ ಬಾಲಕನು ತಾನು ಈ ವಿದ್ಯೆಗೆ ಅನರ್ಹನೆಂದು ಕಣ್ಣೀರಿಡುತ್ತಾನೆ. ಪಕ್ಕದಲ್ಲಿ ತಿಳಿದ ಹಿರಿಯರೊಬ್ಬರಿದ್ದು, ಇದು ಇಳಿತವಲ್ಲ, ತೂಕ ಹಾಕುವ ಕ್ರಮ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಿನ್ನ ಸಮಾನರು ನಿನಗೆ ಸಿಗುತ್ತಾರೆ ಎಂದು ಹೇಳಿದರೆ ಆ ಕಣ್ಣೀರು ಒರೆಸಿಹೋಗುತ್ತದೆ. ಪ್ರಾಮಾಣಿಕವಾದ ಸೋಲುಗಳು ಆಟಗಾರನನ್ನು ಅವನ ನಿಜವಾದ ನೆಲೆಗೆ ಕೊಂಡೊಯ್ದು ನಿಲ್ಲಿಸುತ್ತವೆ. ಆ ನೆಲೆಯಲ್ಲಿ ಅವನು ಹತ್ತು ಆಟ ಆಡಿದರೆ ಸುಮಾರು ಐದನ್ನು ಗೆಲ್ಲುತ್ತಾನೆ. ಗರಡಿಯ ಉಸ್ತಾದರು ಕಣ್ಣಿನಿಂದ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಣಿತವು ಮಾಡುತ್ತದೆ.

ಪಂದ್ಯಕ್ಕೆ ಸೇರುವ ಮೊದಲು ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿ ಕಾಲಮಿತಿ. ಹಿಂದಿನ ಕಾಲದಲ್ಲಿ ಒಂದು ನಡೆಗಾಗಿ ಗಂಟೆಗಟ್ಟಲೆ ಯೋಚಿಸಿ ಎದುರಾಳಿಯನ್ನು ಬೇಸರದಿಂದಲೇ ಸೋಲಿಸುವವರಿದ್ದರು. ೧೮೮೩ರ ಲಂಡನ್ ಪಂದ್ಯದಲ್ಲಿ ಜೋಡಿ ಗಡಿಯಾರವು ಬಳಕೆಗೆ ಬಂದು ಈ ಪೀಡೆ ತೊಲಗಿತು. ಅಂತರ್ಜಾಲದ ಪಂದ್ಯಗಳಲ್ಲಿ ಕಾಲಮಿತಿಯನ್ನು ೧೦+೫ ಎಂಬಂತೆ ಎರಡು ಸಂಖ್ಯೆಗಳಿಂದ ಸೂಚಿಸುತ್ತಾರೆ. ಮೊದಲನೆಯದು ಪ್ರತಿಯೊಬ್ಬನಿಗೆ ದೊರೆಯುವ ನಿಮಿಷಗಳು. ಎರಡನೆಯದು ಪ್ರತಿ ನಡೆಗೂ ಬಂದು ಕೂಡುವ ಸೆಕೆಂಡುಗಳು. ನಲವತ್ತು ನಡೆಗಳ ಆಟವಾದರೆ ಇಂಥ ಪಂದ್ಯದಲ್ಲಿ ಒಬ್ಬೊಬ್ಬನಿಗೂ ೧೩ ನಿಮಿಷ ೨೦ ಸೆಕೆಂಡುಗಳ ಅವಕಾಶವಿದ್ದಂತಾಯಿತು. ನಡೆಗೊಮ್ಮೆ ಕಾಲವನ್ನು ಕೂಡಿಸುವ ಈ ಗಡಿಯಾರಕ್ಕಾಗಿ ವಿಶ್ವವಿಜೇತ ಬಾಬಿ ಫಿಷರ್ ೧೯೮೮ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದರು. ಸುಮಾರಾಗಿ ಹೇಳುವುದಾದರೆ ಮೂರು ನಿಮಿಷಕ್ಕೂ ಕಡಿಮೆಯದು ಬುಲೆಟ್, ಮೂರರಿಂದ ಹತ್ತರ ಒಳಗಿನದು ಬ್ಲಿಟ್ಜ್, ಹತ್ತು ಮತ್ತು ಅದಕ್ಕೆ ಮೇಲ್ಪಟ್ಟದ್ದು ರ್‍ಯಾಪಿಡ್. ಬುಲೆಟ್ ಆಟದ ಮಿಂಚಿನ ವೇಗವು ಮಕ್ಕಳನ್ನು ಸೆಳೆಯುತ್ತದೆ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಅಕ್ಷರ ಕಲಿಯುವವನು ಶೀಘ್ರಲಿಪಿಯಿಂದ ಆರಂಭಿಸಬಾರದು. ಹೊಸಬನಿಗೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದ, ನಡೆಗೊಮ್ಮೆ ಕೆಲವು ಸೆಕೆಂಡು ಕೂಡುವ ಪಂದ್ಯವೇ ಹಿತ.

ಇನ್ನು ಪಂದ್ಯಗಳ ಬಗೆ. ಸೋತವನು ಹೊರಕ್ಕೆ ಎಂಬ ನಿಯಮದ ಪಂದ್ಯವು ಎಲ್ಲರಿಗೂ ಪರಿಚಿತ. ೬೪ ಮಂದಿ ಸೇರಿದರೆ ಮೊದಲ ಸುತ್ತಿನಲ್ಲಿಯೇ ೩೨ ಮಂದಿ ಮನೆಯ ದಾರಿ ಹಿಡಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಹೊಸಬರೇ ಆಗಿರುತ್ತಾರೆ. ಯಾರಿಗೆ ಆಟದ ಅಭ್ಯಾಸ ಅತ್ಯಂತ ಅಗತ್ಯವೋ ಅವರಿಗೇ ಅದು ಅತ್ಯಲ್ಪವಾಗಿ ದೊರೆಯುತ್ತದೆ. ಎಲ್ಲರೂ ಎಲ್ಲರೊಡನೆ ಆಡುವ ಪದ್ಧತಿ ನ್ಯಾಯವಾದುದೇ. ಆದರೆ ೬೪ ಮಂದಿಗೆ ೨೦೧೬ ಆಟಗಳು ಬೇಕಾಗುತ್ತವೆ. ಈ ಎರಡರ ನಡುವಣ ಮಾರ್ಗವನ್ನು ಜ್ಯೂರಿಕ್ ನಗರದ ಜೂಲಿಯಸ್ ಮ್ಯೂಲರ್ ಎಂಬವರು ಕಂಡುಹಿಡಿದರು. ೧೮೯೫ರಲ್ಲಿ ಆ ನಗರದ ಪಂದ್ಯದಲ್ಲಿ ಅದು ಬಳಕೆಗೆ ಬಂದಿತು. ಅದಕ್ಕೆ ಸ್ವಿಸ್ ಪದ್ಧತಿಯೆಂದೇ ಹೆಸರಾಯಿತು.

ಸ್ವಿಸ್ ಪದ್ಧತಿಯಲ್ಲಿ ಸುತ್ತುಗಳ ಸಂಖ್ಯೆ ಮೊದಲೇ ನಿಶ್ಚಿತ. ಗೆಲುವಿಗೆ ಒಂದು ಅಂಕ, ಸಮಕ್ಕೆ ಅರ್ಧ, ಸೋಲಿಗೆ ಸೊನ್ನೆ. ಪ್ರತಿ ಸುತ್ತಿನ ಕೊನೆಯಲ್ಲಿ ಸಮಾನ ಅಂಕವುಳ್ಳವರನ್ನು ಸಾಧ್ಯವಾದಷ್ಟೂ ಪರಸ್ಪರ ಜೋಡಿಸುತ್ತಾರೆ; ಒಮ್ಮೆ ಆಡಿದವರು ಮತ್ತೊಮ್ಮೆ ಎದುರಾಗುವುದಿಲ್ಲ. ಗೆದ್ದವನು ಗೆದ್ದವನೊಡನೆ, ಸೋತವನು ಸೋತವನೊಡನೆ. ಯಾರನ್ನೂ ಹೊರಗಟ್ಟುವುದಿಲ್ಲ. ೬೪ ಮಂದಿಗೆ ಆರು ಸುತ್ತುಗಳು, ಒಟ್ಟು ೧೯೨ ಆಟಗಳು ಸಾಕು. ಎಲ್ಲವನ್ನೂ ಗೆದ್ದವನು ಒಬ್ಬನಿಗಿಂತ ಹೆಚ್ಚು ಉಳಿಯುವುದಿಲ್ಲ. ಹಲವರ ಅಂಕ ಸಮವಾದಾಗ ಅವರ ಎದುರಾಳಿಗಳು ಎಷ್ಟು ಅಂಕ ಪಡೆದರೆಂಬುದನ್ನು ನೋಡಿ ಸ್ಥಾನ ನಿರ್ಣಯಿಸುತ್ತಾರೆ. ಬಲ್ಲವರೊಡನೆ ಸೆಣಸಿ ಗಳಿಸಿದ ಅಂಕಕ್ಕೆ ಹೆಚ್ಚಿನ ತೂಕವೆಂಬುದೇ ಅದರ ಅಭಿಪ್ರಾಯ. ಮೂರು ಸುತ್ತು ಸೋತ ಹೊಸಬನಿಗೆ ನಾಲ್ಕನೆಯ ಸುತ್ತಿನಲ್ಲಿ ತನ್ನಂತೆಯೇ ಮೂರು ಸುತ್ತು ಸೋತ ಮತ್ತೊಬ್ಬನು ಎದುರಾಗುತ್ತಾನೆ. ಅವರಿಬ್ಬರ ಆಟವನ್ನು ಲೋಕವು ನೋಡದಿರಬಹುದು. ಆದರೆ ಆ ಇಬ್ಬರ ಪಾಲಿಗೆ ಅದಕ್ಕಿಂತ ಹಿರಿದಾದ ಆಟ ಆ ದಿನ ಮತ್ತೊಂದಿಲ್ಲ.

ಅಂತರ್ಜಾಲದಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಅರೀನಾ ಎಂಬ ಮತ್ತೊಂದು ಬಗೆ. ಇಲ್ಲಿ ಸುತ್ತುಗಳ ಎಣಿಕೆಯಿಲ್ಲ, ಗಡಿಯಾರದ ಎಣಿಕೆಯುಂಟು. ಒಂದು ಗಂಟೆಯೆಂದರೆ ಒಂದು ಗಂಟೆ. ಅಷ್ಟರೊಳಗೆ ಯಾರು ಎಷ್ಟು ಆಟಗಳನ್ನಾದರೂ ಆಡಬಹುದು. ಒಂದು ಆಟ ಮುಗಿಸಿ ಪಂದ್ಯದ ಅಂಗಳಕ್ಕೆ ಮರಳಿದೊಡನೆ, ಆ ಹೊತ್ತಿಗೆ ಪಟ್ಟಿಯಲ್ಲಿ ತನ್ನ ಆಸುಪಾಸಿನಲ್ಲಿರುವ ಮತ್ತೊಬ್ಬನು ಎದುರಾಳಿಯಾಗಿ ದೊರೆಯುತ್ತಾನೆ. ಲೀಚೆಸ್ ತಾಣದ ಕ್ರಮದಂತೆ ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು, ಸೋಲಿಗೆ ಸೊನ್ನೆ. ಸತತವಾಗಿ ಎರಡು ಆಟ ಗೆದ್ದವನ ಹೆಸರಿನ ಬಳಿ ಜ್ವಾಲೆಯೊಂದು ಕಾಣಿಸುತ್ತದೆ. ಅಲ್ಲಿಂದ ಮುಂದೆ ಗೆಲುವು ತಪ್ಪುವವರೆಗೆ ಅಂಕಗಳು ಇಮ್ಮಡಿ. ಮೂರು ಗೆಲುವು, ಒಂದು ಸೋಲು, ಮತ್ತೊಂದು ಗೆಲುವು ಎಂಬ ಕ್ರಮದಲ್ಲಿ ಆಡಿದವನಿಗೆ ೨+೨+೪+೦+೨, ಅಂದರೆ ಹತ್ತು ಅಂಕ. ಒಂದು ಗೆಲುವು ಒಂದು ಸೋಲು ಎಂದು ಸರದಿಯಲ್ಲಿ ಮೂರು ಗೆದ್ದವನಿಗೆ ಆರೇ ಅಂಕ. ತನ್ನ ಕಾಲವನ್ನು ತಾನೇ ಅರ್ಧಕ್ಕೆ ಇಳಿಸಿಕೊಂಡು ಆಡಿ ಗೆದ್ದರೆ ಒಂದು ಅಂಕ ಹೆಚ್ಚು ದೊರೆಯುವ ಸಾಹಸದ ಮಾರ್ಗವೂ ಅಲ್ಲಿದೆ. ಹೊಸಬನು ಆ ಗುಂಡಿಯನ್ನು ಒತ್ತದಿರುವುದೇ ಲೇಸು. ಹತ್ತು ನಡೆಗಳೊಳಗೆ ಒಪ್ಪಂದದಿಂದ ಆಟವನ್ನು ಸಮಗೊಳಿಸಿಕೊಂಡವರಿಗೆ ಅಂಕವೇ ಇಲ್ಲ. ಜೋಡಿ ಕೂಡಿದ ಮೇಲೆ ಮೊದಲ ನಡೆಯನ್ನು ನಿಗದಿಯಾದ ಕೆಲವೇ ಸೆಕೆಂಡುಗಳಲ್ಲಿ ಇಡದಿದ್ದರೆ ಆಟ ಹೋಯಿತು. ಪಂದ್ಯದ ಅವಧಿ ಮುಗಿದಾಗ ನಡೆಯುತ್ತಿರುವ ಆಟವು ಪಂದ್ಯದ ಲೆಕ್ಕಕ್ಕೆ ಬರುವುದಿಲ್ಲ. ಬಲಾಂಕ ೧೫೦೦ಕ್ಕೆ ಮೀರದವರಿಗೇ ಮೀಸಲಾದ ಅರೀನಾಗಳೂ ನಡೆಯುತ್ತಿರುತ್ತವೆ. ಹೊಸಬನು ಮೊದಲು ಹುಡುಕಬೇಕಾದುದು ಅವುಗಳನ್ನೇ.

ಮೊದಲ ಪಂದ್ಯದಲ್ಲಿ ಏನಾಗುತ್ತದೆಂಬುದನ್ನು ಮುಂಗಂಡು ಹೇಳುವುದು ಕಷ್ಟವಲ್ಲ. ಎದುರಾಳಿಯ ಮಂತ್ರಿ ಮತ್ತು ಒಂಟೆಗಳು ನಾಲ್ಕೇ ನಡೆಗಳಲ್ಲಿ ಒಂದುಗೂಡಿ, ರಾಜನ ಪಕ್ಕದ ಬಡಪಾಯಿ ಕಾಲಾಳಿನ ಮನೆಯನ್ನು ಹೊಕ್ಕು ರಾಜನನ್ನು ಹಿಡಿಯುತ್ತವೆ. ಅದಕ್ಕೆ ಪರಿಹಾರವನ್ನು ಕಲಿಯಲು ಐದು ನಿಮಿಷ ಸಾಕು. ಕಲಿತವನು ಮತ್ತೆ ಆ ಬಲೆಗೆ ಬೀಳಲಾರ. ಎರಡನೆಯ ಆಟದಲ್ಲಿ ಕೈಯಲ್ಲಿ ಮಂತ್ರಿಯೂ ಆನೆಯೂ ಇದ್ದು, ಎದುರಾಳಿಗೆ ಒಂಟಿ ರಾಜನಷ್ಟೇ ಉಳಿದಿರುವಾಗ, ಆ ರಾಜನಿಗೆ ಪೆಟ್ಟನ್ನೂ ಕೊಡದೆ ಸರಿಯಲು ಮನೆಯನ್ನೂ ಬಿಡದೆ ಕಟ್ಟಿಹಾಕಿಬಿಡುತ್ತಾನೆ. ಸ್ಟೇಲ್‌ಮೇಟ್ ಎನಿಸಿಕೊಳ್ಳುವ ಆ ಸ್ಥಿತಿಯಿಂದ ಗೆದ್ದ ಆಟ ಸಮವಾಗುತ್ತದೆ. ಮೂರನೆಯದರಲ್ಲಿ ಕಾಯಿಗಳೆಲ್ಲ ಸುರಕ್ಷಿತವಾಗಿದ್ದರೂ ಗಡಿಯಾರದಲ್ಲಿ ಕಾಲ ಉಳಿದಿರುವುದಿಲ್ಲ. ನಾಲ್ಕನೆಯದರಲ್ಲಿ ಬೆರಳು ಜಾರಿ ಕಾಯಿ ಪಕ್ಕದ ಮನೆಯಲ್ಲಿ ಕುಳಿತುಬಿಡುತ್ತದೆ; ಹಿಂದೆಗೆಯುವಂತಿಲ್ಲ. ಈ ನಾಲ್ಕೂ ವಿಪತ್ತುಗಳು ದೊಡ್ಡ ಆಟಗಾರರೆಲ್ಲರೂ ಒಂದಿಲ್ಲೊಂದು ಕಾಲದಲ್ಲಿ ದಾಟಿಬಂದ ಹೊಳೆಗಳೇ.

ಸೋಲಿನಿಂದ ಪಾಠ ಕಲಿಯಲು ಈ ತಾಣಗಳಲ್ಲಿ ಮಣೆಯ ಮುಂದಣ ಆಟಕ್ಕೆ ಇಲ್ಲದ ಒಂದು ಸೌಕರ್ಯವುಂಟು. ಆಡಿದ ಪ್ರತಿಯೊಂದು ನಡೆಯೂ ದಾಖಲಾಗಿ ಉಳಿಯುತ್ತದೆ. ಪಂದ್ಯ ಮುಗಿದ ಬಳಿಕ ಗಣಕಯಂತ್ರವು ಆ ಆಟವನ್ನು ಪರಿಶೀಲಿಸಿ ತಪ್ಪಿದ್ದೆಲ್ಲಿ ಎಂಬುದನ್ನು ತೋರಿಸುತ್ತದೆ. ಆದರೆ ಆ ಗುಂಡಿಯನ್ನು ಒತ್ತುವ ಮೊದಲು ಆಟಗಾರನು ತಾನೇ ಒಮ್ಮೆ ಆಟವನ್ನು ತಿರುವಿ ನೋಡಿ, ತನಗೆ ತೋರಿದ ತಪ್ಪನ್ನು ಗುರುತಿಸಿಕೊಳ್ಳಬೇಕು. ಪಾಠಶಾಲೆಯಲ್ಲಿ ಅನ್ವಯ ಮಾಡುವ ಮೊದಲೇ ಟೀಕೆಯನ್ನು ತೆರೆದವನಿಗೆ ಶ್ಲೋಕದ ಅರ್ಥ ದಕ್ಕಿದರೂ ಅನ್ವಯ ಮಾಡುವ ಶಕ್ತಿ ದಕ್ಕುವುದಿಲ್ಲ. ಒಂದು ಪಂದ್ಯದ ಎಲ್ಲ ಆಟಗಳನ್ನೂ ಶೋಧಿಸುವ ಅಗತ್ಯವಿಲ್ಲ. ಹೆಚ್ಚು ನೋಯಿಸಿದ ಒಂದು ಸೋಲನ್ನು ಶ್ರದ್ಧೆಯಿಂದ ಶೋಧಿಸಿದರೆ ಸಾಕು.

ಈ ಯಂತ್ರವು ಆಟ ಮುಗಿದ ಮೇಲೆ ಗುರು, ಆಟ ನಡೆಯುವಾಗ ಶಕುನಿ. ಮಾತು ಕಟುವಾಗಿ ಕಂಡರೂ ಯಥಾರ್ಥ. ೧೯೯೭ರಲ್ಲಿ ಡೀಪ್ ಬ್ಲೂ ಎಂಬ ಯಂತ್ರವು ಆಗಿನ ವಿಶ್ವವಿಜೇತ ಗ್ಯಾರಿ ಕಾಸ್ಪರೋವ್ ಅವರನ್ನು ನ್ಯೂಯಾರ್ಕಿನಲ್ಲಿ ೩½–೨½ ಅಂಕಗಳಿಂದ ಸೋಲಿಸಿತು. ಇಂದು ಸಾಮಾನ್ಯ ಫೋನಿನೊಳಗೆ ನಡೆಯುವ ಸ್ಟಾಕ್‌ಫಿಷ್ ಎಂಬ ಉಚಿತ ತಂತ್ರಾಂಶದ ಬಲವು ಯಾವ ಮನುಷ್ಯನ ಬಲಕ್ಕೂ ಮೀರಿದುದು. ಪಕ್ಕದ ಪರದೆಯಲ್ಲಿ ಅದನ್ನು ತೆರೆದಿಟ್ಟುಕೊಂಡು, ಅದು ಹೇಳಿದ ನಡೆಯನ್ನು ಇಲ್ಲಿ ಇಡುತ್ತಾ ಹೋದರೆ ಎದುರಾಳಿಗೆ ಕಾಣುವಂತಿಲ್ಲ. ಮಹಾಭಾರತದ ದ್ಯೂತಸಭೆಯಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಹಿಡಿದವನು ಶಕುನಿ. ಒಬ್ಬನಿಗಾಗಿ ಮತ್ತೊಬ್ಬನು ಆಡುವುದು ಸಮವೆಂದು ತೋರದೆಂದು ಧರ್ಮರಾಯನು ಅಂದೇ ಆಕ್ಷೇಪಿಸಿದ್ದನು, ಆಕ್ಷೇಪಿಸಿಯೂ ಆಡಿದನು. ಮುಂದಿನ ಕಥೆ ಲೋಕವಿದಿತ.

೨೦೨೧ರ ಜೂನ್ ತಿಂಗಳಿನಲ್ಲಿ ಕೋವಿಡ್ ಪೀಡಿತರ ನೆರವಿಗಾಗಿ ಧನಸಂಗ್ರಹಿಸಲು ವಿಶ್ವನಾಥನ್ ಆನಂದ್ ಅವರು ಅಂತರ್ಜಾಲದಲ್ಲಿ ಹಲವು ಗಣ್ಯರೊಡನೆ ಏಕಕಾಲದಲ್ಲಿ ಆಡಿದರು. ಅವರಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರು ಆನಂದರನ್ನು ಸೋಲಿಸಿದರು. ಜನ ಬೆರಗಾದರು. ಮರುದಿನವೇ ಆ ಗೆಲುವು ಯಂತ್ರದ ಮತ್ತು ಬಲ್ಲವರ ನೆರವಿನಿಂದ ಬಂದುದೆಂದು ಅವರೇ ಒಪ್ಪಿಕೊಂಡು ಕ್ಷಮೆ ಯಾಚಿಸಿದರು. ತಾನು ಮಣೆಯ ಮೇಲಿದ್ದ ಸ್ಥಿತಿಗೆ ತಕ್ಕಂತೆ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಮಾತಿನಿಂದ ಆನಂದ್ ಆ ಪ್ರಕರಣವನ್ನು ಮುಗಿಸಿದರು. ಉದ್ದೇಶ ಪರೋಪಕಾರವಾಗಿದ್ದರೂ, ಬಹುಮಾನದ ಆಸೆ ಇಲ್ಲದಿದ್ದರೂ, ಮನುಷ್ಯನ ಮನಸ್ಸು ಗೆಲುವಿನ ಮುಂದೆ ಜಾರಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ಹಿರಿಯರೇ ಜಾರುವಲ್ಲಿ ಹನ್ನೆರಡು ವರ್ಷದ ಬಾಲಕನ ಪಾಡೇನು?

ತಾಣಗಳು ಕೈಕಟ್ಟಿ ಕುಳಿತಿಲ್ಲ. ಆಟಗಾರನ ನಡೆಗಳು ಯಂತ್ರದ ನಡೆಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ, ಸುಲಭದ ನಡೆಗೂ ಕಠಿನದ ನಡೆಗೂ ಅವನು ಒಂದೇ ಸಮನಾದ ಕಾಲವನ್ನು ತೆಗೆದುಕೊಳ್ಳುತ್ತಾನೆಯೇ ಎಂಬಿವೇ ಮೊದಲಾದುವನ್ನು ಪರೀಕ್ಷಿಸಿ, ವಂಚನೆ ಸಿದ್ಧವಾದರೆ ಅವನ ಖಾತೆಯನ್ನು ಮುಚ್ಚುತ್ತಾರೆ; ಅವನಿಂದ ಸೋತವರಿಗೆ ಕಳೆದ ಬಲಾಂಕವನ್ನು ಮರಳಿಸುವ ಏರ್ಪಾಡೂ ಇದೆ. ಆದರೆ ಈ ದಂಡನೆಗಿಂತ ಘೋರವಾದ ದಂಡನೆಯು ವಂಚಕನಿಗೆ ಅದಕ್ಕೂ ಮೊದಲೇ ಒದಗಿರುತ್ತದೆ. ಯಂತ್ರದ ಬಲದಿಂದ ಅವನ ಸಂಖ್ಯೆ ಏರಿತು. ಸಂಖ್ಯೆ ಏರಿದೊಡನೆ ಅವನಿಗೆ ದೊರೆಯುವ ಎದುರಾಳಿಗಳು ಅವನ ಸಮಾನರಲ್ಲ, ಯಂತ್ರದ ಗೆಲುವುಗಳು ತಂದ ಸಂಖ್ಯೆಗೆ ಸಮಾನರು. ಯಂತ್ರವಿಲ್ಲದೆ ಅವರೊಡನೆ ಅವನು ಹತ್ತು ನಡೆ ನಿಲ್ಲಲಾರ. ಆದುದರಿಂದ ಒಮ್ಮೆ ಶಕುನಿಯನ್ನು ಕರೆದವನು ಎಂದೆಂದಿಗೂ ಕರೆಯುತ್ತಲೇ ಇರಬೇಕು. ಲೋಕದ ಯಾವುದೋ ಮೂಲೆಯಲ್ಲಿ ಅವನಷ್ಟೇ ಬಲ್ಲ, ಅವನಂತೆಯೇ ತಪ್ಪುವ, ಅವನೊಡನೆ ಬೆಳೆಯಬಹುದಾಗಿದ್ದ ಸರಿಜೋಡಿ ಕಾದಿದ್ದನು; ಅವನನ್ನು ಈತ ಕೈಯಾರೆ ಕಳೆದುಕೊಂಡನು. ಇತ್ತ ಅವನಿಂದ ಸೋತ ಹೊಸಬನೂ ತನ್ನ ನಿಜವಾದ ನೆಲೆಯಿಂದ ಕೆಳಕ್ಕೆ ತಳ್ಳಲ್ಪಟ್ಟನು. ಪಂದ್ಯದ ಏರ್ಪಾಡೆಲ್ಲ ನಿಂತಿರುವುದು ಪ್ರತಿಯೊಬ್ಬನೂ ತನ್ನ ಬಲವನ್ನು ಇದ್ದಂತೆ ಕಣಕ್ಕೆ ತರುವನೆಂಬ ನಂಬಿಕೆಯ ಮೇಲೆ.

ಮನುಷ್ಯಪ್ರಯತ್ನಕ್ಕೆ ಮೀರಿದ ಒಂದು ವಿಘ್ನವನ್ನೂ ಇಲ್ಲಿ ಹೇಳಬೇಕು. ಸಂಪರ್ಕ ಕಡಿದರೆ ಆಟಗಾರನ ಗಡಿಯಾರ ನಿಲ್ಲುವುದಿಲ್ಲ. ವಿಶ್ವ ಒಕ್ಕೂಟವು ೨೦೨೦ರಲ್ಲಿ ಅಂತರ್ಜಾಲದ ಮೂಲಕ ನಡೆಸಿದ ಮೊದಲ ಒಲಿಂಪಿಯಾಡಿನ ಅಂತಿಮ ಸ್ಪರ್ಧೆಯಲ್ಲಿ ಭಾರತ ಮತ್ತು ರಷ್ಯಗಳು ಎದುರಾದವು. ಮೊದಲ ಸುತ್ತು ೩–೩ ಎಂದು ಸಮವಾಯಿತು. ಎರಡನೆಯ ಸುತ್ತಿನಲ್ಲಿ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಇವರ ಸಂಪರ್ಕವು ಆಟದ ನಡುವೆ ಕಡಿದು ಕಾಲ ಮೀರಿ ಹೋಯಿತು. ಭಾರತವು ಮೇಲ್ಮನವಿ ಸಲ್ಲಿಸಿತು. ಒಕ್ಕೂಟದ ಅಧ್ಯಕ್ಷರು ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಘೋಷಿಸಿದರು. ಸಣ್ಣ ಊರಿನ ಬಾಲಕಿಗೆ ಮೇಲ್ಮನವಿಯ ಸೌಲಭ್ಯವಿಲ್ಲ. ಮಳೆಗಾಲದ ಸಂಜೆ ವಿದ್ಯುತ್ತು ಹೋದರೆ ಆಟವೂ ಹೋಯಿತೆಂದು ತಿಳಿದು ಮುಂದಿನದಕ್ಕೆ ಕುಳಿತುಕೊಳ್ಳುವ ಸ್ಥೈರ್ಯವೇ ಅವಳಿಗೆ ಆಸರೆ. ಅಂದು ಹಾಗೆ ಆಟ ಕಳೆದುಕೊಂಡ ದಿವ್ಯಾ ದೇಶಮುಖ್ ೨೦೨೫ರಲ್ಲಿ ಮಹಿಳೆಯರ ವಿಶ್ವಕಪ್ಪನ್ನು ಗೆದ್ದು ಬಂದರೆಂಬುದನ್ನು ಅವಳಿಗೆ ತಿಳಿಸಬೇಕು.

ಅಧ್ಯಾಪಕರೂ ಪೋಷಕರೂ ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳುಂಟು. ಮಕ್ಕಳು ನಿಜವಾದ ಹೆಸರು, ಶಾಲೆ, ಭಾವಚಿತ್ರಗಳನ್ನು ಖಾತೆಯಲ್ಲಿ ಹಾಕಬಾರದು. ಅಪರಿಚಿತರೊಡನೆ ಮಾತುಕತೆಯನ್ನು ತಡೆಯಲು ಲೀಚೆಸ್ ತಾಣದಲ್ಲಿ ಮಕ್ಕಳ ಕ್ರಮವೆಂಬ ಏರ್ಪಾಡಿದೆ. ಅದನ್ನು ಹಿರಿಯರೇ ಹಾಕಿಕೊಡಬೇಕು. ಹಣ ಕಟ್ಟಿ ಆಡುವ ಆಟದತ್ತ ಮಕ್ಕಳು ಸುಳಿಯಬಾರದು. ಅಂತರ್ಜಾಲದಲ್ಲಿ ಹಣವನ್ನು ಪಣವಾಗಿಟ್ಟು ಆಡಿಸುವುದನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ೨೦೨೫ರಲ್ಲಿ ಮಾಡಿದೆ. ದಿನಕ್ಕೊಂದು ಪಂದ್ಯ ಸಾಕು. ಸೋತ ಸಿಟ್ಟಿನಲ್ಲಿ ಇನ್ನೊಂದು, ಮತ್ತೊಂದು ಎಂದು ನಡುರಾತ್ರಿಯವರೆಗೆ ಆಡಿದವನು ಮರುದಿನ ಪಾಠದಲ್ಲಿಯೂ ಸೋಲುತ್ತಾನೆ. ಸತತವಾಗಿ ಮೂರು ಸೋತೊಡನೆ ಎದ್ದು ನೀರು ಕುಡಿದು ಹೊರಗೆ ನಾಲ್ಕು ಹೆಜ್ಜೆ ನಡೆದು ಬರಬೇಕೆಂಬ ನಿಯಮವನ್ನು ಕಲಿಸಿದರೆ ಅದು ಚದುರಂಗಕ್ಕಷ್ಟೇ ಅಲ್ಲ, ಬೇರೆ ಕಡೆಯೂ ಉಪಯೋಗಕ್ಕೆ ಬಂದೀತು.

ವಿದ್ಯಾಸಂಸ್ಥೆಗಳು ಮನಸ್ಸು ಮಾಡಿದರೆ ಇದನ್ನು ಅಲ್ಪ ವೆಚ್ಚದಲ್ಲಿ ಸತ್ಕಾರ್ಯಕ್ಕೆ ತಿರುಗಿಸಬಹುದು. ಲೀಚೆಸ್ ತಾಣದಲ್ಲಿ ಶಾಲೆಯ ಹೆಸರಿನಲ್ಲಿ ಒಂದು ತಂಡವನ್ನು ಕಟ್ಟಿದರೆ ಆ ತಂಡದವರಿಗಷ್ಟೇ ಮೀಸಲಾದ ಸ್ವಿಸ್ ಪಂದ್ಯವನ್ನು ಶುಲ್ಕವಿಲ್ಲದೆ ನಡೆಸಬಹುದು. ಬೇಸಿಗೆಯ ಒಂದು ಭಾನುವಾರ ಸಂಜೆ ಏಳೂವರೆಗೆ ಇಲ್ಲಿ ಪಂದ್ಯ ಆರಂಭವಾದರೆ ಲಂಡನ್ನಿನಲ್ಲಿ ಮಧ್ಯಾಹ್ನ ಮೂರು ಗಂಟೆ, ನ್ಯೂಯಾರ್ಕಿನಲ್ಲಿ ಬೆಳಗಿನ ಹತ್ತು ಗಂಟೆ. ಹೊರನಾಡುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳಿಗೂ ಅನುಕೂಲವಾದ ಹೊತ್ತು. ದೊಡ್ಡ ದೊಡ್ಡ ಉದ್ಯೋಗಗಳಲ್ಲಿರುವವರು ತಾವು ಓದಿದ ಶಾಲೆಯ ಏಳನೆಯ ತರಗತಿಯ ಬಾಲಕಿಯೊಡನೆ ಹತ್ತು ನಿಮಿಷ ಸೆಣಸಿ, ಒಮ್ಮೊಮ್ಮೆ ಸೋತು, ಬಳಿಕ ಆ ಆಟವನ್ನು ಅವಳೊಡನೆ ತಿರುವಿ ನೋಡಿದರೆ ಅದು ಬರಿಯ ವಿನೋದವಾಗಿ ಉಳಿಯದು. ದಾನಿಗಳು ಶಾಲೆಗೆ ನಾಲ್ಕು ಗಣಕಯಂತ್ರಗಳನ್ನೂ, ವಿದ್ಯುತ್ತು ಹೋದಾಗ ಅವನ್ನು ನಡೆಸುವ ಬ್ಯಾಟರಿಯನ್ನೂ, ಜೊತೆಗೆ ಮರದ ಮಣೆಗಳು ಹತ್ತನ್ನೂ ಒದಗಿಸಿದರೆ ಮನೆಯಲ್ಲಿ ಫೋನಿಲ್ಲದ ಮಗುವೂ ಕಣಕ್ಕೆ ಇಳಿಯಬಹುದು.

ಅಂಥ ಪಂದ್ಯದಲ್ಲಿ ಬಹುಮಾನವನ್ನು ಮೊದಲ ಸ್ಥಾನದವನಿಗೆ ಕೊಡುವುದು ವಾಡಿಕೆ, ಕೊಡಲಿ. ಅದರ ಜೊತೆಗೆ, ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಒಂದು ಆಟವನ್ನೂ ಬಿಡದೆ, ತನ್ನ ಬುದ್ಧಿಯಿಂದಲೇ ಆಡಿ, ಪಟ್ಟಿಯ ಕೊನೆಯಲ್ಲಿ ನಿಂತ ಮಗುವನ್ನೂ ಕರೆದು ಒಂದು ಚದುರಂಗದ ಪುಸ್ತಕವನ್ನು ಕೈಗಿಡಬೇಕು. ಆ ಮಗುವಿನ ಬಳಿಯಿರುವ ಸಂಖ್ಯೆ ಚಿಕ್ಕದಾದರೂ ಅದು ಪ್ರಾಮಾಣಿಕವಾದ ಸಂಖ್ಯೆ. ಮುಂದಿನ ವರ್ಷದ ಪಂದ್ಯದಲ್ಲಿ ಅದು ಎಷ್ಟು ಬೆಳೆದಿದೆಯೆಂದು ಅಧ್ಯಾಪಕರು ನಿಸ್ಸಂದೇಹವಾಗಿ ಅಳೆದು ನೋಡಬಹುದು.